ಮನೆಯಲ್ಲೇ ಓದುವ ಮಕ್ಕಳಿಗೂ ಹೊತ್ತುಗೊತ್ತು ಇದೆ

ಮಾನ್ಯ ಸಂಪಾದಕರೇ,

ಶಾಲೆಗೆ ಹೋಗದೆ ಮನೆಯಲ್ಲೇ ಓದುವ ಮಕ್ಕಳ ಬಗ್ಗೆ ಓದುಗರೊಬ್ಬರು ಇದೇ ಅಂಕಣಕ್ಕೆ ಬರೆದಿದ್ದನ್ನು ಓದಿದೆ. ಅಂಥ ಮಕ್ಕಳು ಎಚ್ಚರವಾದಾಗ ಏಳುತ್ತಾರೆ, ಮನಸ್ಸು ಬಂದರೆ ಪುಸ್ತಕ ಹಿಡಿಯುತ್ತಾರೆ, ಹೀಗಾದರೆ ಮುಂದೆ ಯಾವ ಕಟ್ಟುಪಾಡಿಗೂ ಒಗ್ಗುವುದಿಲ್ಲ ಎಂಬುದು ಅವರ ಆತಂಕ. ಅವರನ್ನು ಜರೆಯಲು ನಾನು ಬರೆಯುತ್ತಿಲ್ಲ. ಪರಿಚಯದವರು, ನೆಂಟರು ನಮ್ಮನ್ನೂ ಇದನ್ನೇ ಕೇಳುತ್ತಾರೆ. ಕೇಳಿದವರಿಗೆಲ್ಲ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸುತ್ತಿದ್ದೆ. ಈ ಸಲ ನಮ್ಮ ಮನೆಯ ಒಂದು ದಿನ ಹೇಗಿರುತ್ತದೆ ಎಂದು ಬಿಡಿಸಿ ಬರೆಯೋಣ ಅನ್ನಿಸಿತು. ಪತ್ರ ಉದ್ದವಾಗಿದೆ, ದಯವಿಟ್ಟು ಸೈರಿಸಿಕೊಳ್ಳಿ.

ನಮಗೆ ಇಬ್ಬರು ಮಕ್ಕಳು. ಮಗಳಿಗೆ ಹನ್ನೆರಡು, ಮಗನಿಗೆ ಎಂಟು. ನನ್ನ ಪತಿ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದ್ದಾರೆ. ಸಂಜೆ ಆರಕ್ಕೆ ಮನೆ ಬಿಟ್ಟರೆ ಮರುದಿನ ಬೆಳಿಗ್ಗೆ ಎಂಟಕ್ಕೆ ವಾಪಸು. ಮಗಳು ಶಾಲೆಗೆ ಹೋಗುತ್ತಿದ್ದಾಗ ಅಪ್ಪ ಒಳಗೆ ಬರುವ ಹೊತ್ತಿಗೆ ಅವಳು ಹೊರಗೆ ಹೊರಟಿರುತ್ತಿದ್ದಳು. ಅವಳು ಬರುವ ಹೊತ್ತಿಗೆ ಇವರು ಹೊರಡುವ ತಯಾರಿಯಲ್ಲಿ ಇರುತ್ತಿದ್ದರು. ಒಂದೇ ಸೂರಿನಡಿ ಇದ್ದೂ ಅಪ್ಪನಿಗೆ ಮಗಳು ಏನು ಓದುತ್ತಿದ್ದಾಳೆ ಎಂದು ಗೊತ್ತಿರಲಿಲ್ಲ. ಮಗನ ವಿಷಯ ಬೇರೆ. ಅವನಿಗೆ ಅಕ್ಷರ ಹಿಡಿಯುವುದು ನಿಧಾನವಾಯಿತು. ಅವನ ವೇಗಕ್ಕೆ ತಕ್ಕಂತೆ ಕಲಿಸುವವರು ಬೇಕಿತ್ತು. ಈ ಎರಡು ಕಾರಣಕ್ಕೆ ನಾವು ಈ ದಾರಿ ಹಿಡಿದೆವು. ಶಾಲೆಗಳ ಮೇಲೆ ಸಿಟ್ಟಿನಿಂದಲ್ಲ.

ನಮ್ಮ ದಿನಚರಿಯನ್ನು ಗಡಿಯಾರ ನಿರ್ಧರಿಸುವುದಿಲ್ಲ, ಇವರ ನಿದ್ದೆ ನಿರ್ಧರಿಸುತ್ತದೆ. ರಾತ್ರಿಯೆಲ್ಲ ದುಡಿದವರು ಬೆಳಿಗ್ಗೆ ಒಂಬತ್ತೂಕಾಲರಿಂದ ಮಧ್ಯಾಹ್ನ ಮೂರೂವರೆವರೆಗೆ ಮಲಗಬೇಕು. ಅಷ್ಟು ಹೊತ್ತು ಮನೆಯಲ್ಲಿ ಗದ್ದಲ ಕೂಡದು. ಹಾಗಾಗಿ ಸದ್ದಿಲ್ಲದ ಓದು ಬೆಳಿಗ್ಗೆ, ಸದ್ದು ಮಾಡುವ ಓದು ಸಂಜೆ. ಇಷ್ಟೇ ನಮ್ಮ ವೇಳಾಪಟ್ಟಿ. ಯಾವುದಾದ ಮೇಲೆ ಯಾವುದು ಎಂಬ ಕ್ರಮ ತಪ್ಪುವುದಿಲ್ಲ, ಯಾವುದು ಎಷ್ಟು ಹೊತ್ತು ಎಂಬುದು ದಿನದಿನಕ್ಕೆ ಬೇರೆ. ಮೊದಮೊದಲು ಈ ಮಿತಿ ತೊಡಕು ಅನ್ನಿಸುತ್ತಿತ್ತು. ಈಗ ನೋಡಿದರೆ ನಮ್ಮ ಮಕ್ಕಳಿಗೆ ಕೂತು ಓದುವ ಅಭ್ಯಾಸ ಬಂದದ್ದೇ ಇದರಿಂದ. ಪಕ್ಕದ ಕೋಣೆಯಲ್ಲಿ ಅಪ್ಪ ಮಲಗಿದ್ದಾರೆ, ದನಿ ಏರಿಸಬಾರದು ಎಂಬುದು ಅವರಿಗೆ ಅರ್ಥವಾಗುವ ಕಾರಣ. ಸುಮ್ಮನಿರು ಎಂದು ನಾನು ಗದರಬೇಕಾಗಿ ಬರುವುದು ಅಪರೂಪ.

ಬೆಳಿಗ್ಗೆ ಆರೂವರೆಗೆ ಇಬ್ಬರೂ ಏಳುತ್ತಾರೆ. ಹಾಸಿಗೆ ಸುತ್ತುವುದು, ಒಣಗಿದ ಬಟ್ಟೆ ಮಡಚುವುದು, ಗಿಡಗಳಿಗೆ ನೀರು ಹಾಕುವುದು ಅವರ ಪಾಲಿನ ಕೆಲಸ. ಎಂಟಕ್ಕೆ ಅಪ್ಪ ಬಂದು ಸ್ನಾನ ಮುಗಿಸಿ ತಿಂಡಿಗೆ ಕೂರುತ್ತಾರೆ. ಆಗ ಮಕ್ಕಳು ಹಿಂದಿನ ದಿನ ಓದಿದ್ದನ್ನು ಪುಸ್ತಕ ನೋಡದೆ ಅವರಿಗೆ ಹೇಳಬೇಕು. ನಮ್ಮ ಇಡೀ ದಿನದಲ್ಲಿ ಅತಿ ಮುಖ್ಯವಾದದ್ದು ಯಾವುದು ಎಂದರೆ ನಾನು ಈ ಅರ್ಧ ಗಂಟೆಯನ್ನೇ ತೋರಿಸುತ್ತೇನೆ. ನನಗೆ ಹೇಳಿದರೆ ಅದು ಪಾಠ ಒಪ್ಪಿಸಿದ ಹಾಗಾಗುತ್ತದೆ, ಯಾಕೆಂದರೆ ಪಾಠ ಓದಿಸಿದವಳು ನಾನೇ. ಅಪ್ಪನಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. "ಅದು ಹೇಗೆ?" ಎಂದು ಅವರು ಕೇಳಿದರೆ ಅದು ತಿಳಿದುಕೊಳ್ಳಲು ಕೇಳುವ ಪ್ರಶ್ನೆ. ರಕ್ತನಾಳಗಳ ಬಗ್ಗೆ ಓದಿದ ಮರುದಿನ ಮಗಳು ಅಪಧಮನಿ, ಅಭಿಧಮನಿ ಎಂದು ಸರಾಗವಾಗಿ ಹೇಳುತ್ತಾ ಹೋದಳು. ಪ್ರಯೋಗಾಲಯದಲ್ಲಿ ದಿನವೂ ರಕ್ತ ನೋಡುವ ಅಪ್ಪ, "ಹಾಗಾದರೆ ಪರೀಕ್ಷೆಗೆ ರಕ್ತ ತೆಗೆಯುವಾಗ ನಾವು ಸಾಮಾನ್ಯವಾಗಿ ಅಭಿಧಮನಿಗೇ ಸೂಜಿ ಹಾಕುವುದು ಯಾಕೆ?" ಎಂದು ಕೇಳಿದರು. ಅವಳು ತಡವರಿಸಿದಳು. ಆಮೇಲೆ ಪುಸ್ತಕ ತೆಗೆದು ತಾನೇ ಹುಡುಕಿದಳು. ಅಭಿಧಮನಿ ಚರ್ಮಕ್ಕೆ ಹತ್ತಿರ ಇರುತ್ತದೆ, ಅದರ ಗೋಡೆ ತೆಳು, ಅಲ್ಲಿ ರಕ್ತದ ಒತ್ತಡವೂ ಕಡಿಮೆ. ಅಪಧಮನಿ ಆಳದಲ್ಲಿರುತ್ತದೆ, ಒತ್ತಡವೂ ಜಾಸ್ತಿ. ಈಗ ಆ ಎರಡು ಹೆಸರುಗಳನ್ನು ಅವಳು ಅದಲುಬದಲು ಮಾಡುವುದಿಲ್ಲ.

ಅಪ್ಪ ಮಲಗಿದ ಮೇಲೆ ಗಣಿತ. ಎಂಟು ವರ್ಷದವನಿಗೆ ಈಗ ಮಗ್ಗಿಯ ಕಾಲ. ಹತ್ತರವರೆಗಿನ ಮಗ್ಗಿ ಎಂದರೆ ನೂರು ಗುಣಾಕಾರ. ಅಷ್ಟನ್ನೂ ಕಂಡರೆ ಮಗುವಿಗೆ ಎದೆ ಒಡೆಯುತ್ತದೆ. ಅದಕ್ಕೆ ನಾವು ಚೌಕಟ್ಟಿನ ಹಾಳೆ ಹರಡಿಕೊಂಡು ಗೊತ್ತಿರುವುದನ್ನೆಲ್ಲ ಪೆನ್ಸಿಲ್ಲಿನಿಂದ ಹೊಡೆದುಹಾಕುತ್ತಾ ಹೋದೆವು. ಮೂರು ಏಳಲಿ, ಏಳು ಮೂರಲಿ ಒಂದೇ ಉತ್ತರ, ಆದ್ದರಿಂದ ನೂರು ಐವತ್ತೈದಕ್ಕೆ ಇಳಿಯಿತು. ಒಂದು, ಎರಡು, ಐದು, ಹತ್ತರ ಮಗ್ಗಿ ಅವನಿಗೆ ಆಗಲೇ ಬರುತ್ತಿತ್ತು. ಅವನ್ನು ತೆಗೆದರೆ ಉಳಿದದ್ದು ಇಪ್ಪತ್ತೊಂದು. ಒಂಬತ್ತರ ಮಗ್ಗಿಯಲ್ಲಿ ಉತ್ತರದ ಎರಡು ಅಂಕಿ ಕೂಡಿದರೆ ಒಂಬತ್ತೇ ಬರುತ್ತದೆ ಎಂದು ಅವನೇ ಕಂಡುಕೊಂಡ. ಅದನ್ನೂ ತೆಗೆದರೆ ಬಾಯಿಪಾಠ ಮಾಡಲೇಬೇಕಾದದ್ದು ಹದಿನೈದು ಮಾತ್ರ. ಹದಿನೈದು ಎಂದಾಗ ಅವನ ಮುಖ ಅರಳಿತು. ಏಳೆಂಟಲಿ ಐವತ್ತಾರು ಎನ್ನುವುದು ಮಾತ್ರ ಬಹಳ ದಿನ ಕಾಡಿತು.

ಬಾಯಿಪಾಠದ್ದಕ್ಕೆ ಪ್ರಶ್ನೆ ಬರೆದ ಚೀಟಿಗಳ ಡಬ್ಬಿ ಇದೆ. ಹಳೆಯ ಚಪ್ಪಲಿ ಡಬ್ಬಿಯಲ್ಲಿ ರಟ್ಟು ಇಟ್ಟು ಐದು ಖಾನೆ ಮಾಡಿದ್ದೇವೆ. ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ, ತಪ್ಪಿದ ಚೀಟಿ ಮತ್ತೆ ಮೊದಲ ಖಾನೆಗೆ. ಮೊದಲ ಖಾನೆಯನ್ನು ದಿನವೂ ನೋಡುತ್ತೇವೆ, ಎರಡನೆಯದನ್ನು ಒಂದು ದಿನ ಬಿಟ್ಟು, ಹೀಗೆ ಕೊನೆಯದು ಬರುವುದು ತಿಂಗಳಿಗೊಮ್ಮೆ. ಇದು ನನ್ನ ಆವಿಷ್ಕಾರವಲ್ಲ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಃಶಾಸ್ತ್ರಜ್ಞ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ. ಮೊದಲ ಕೆಲವು ಗಂಟೆಗಳಲ್ಲೇ ಬಹುಪಾಲು ಮರೆತುಹೋಗುತ್ತದೆ, ಒಂದೇ ದಿನ ಉರು ಹೊಡೆಯುವುದಕ್ಕಿಂತ ದಿನಗಳ ಮೇಲೆ ಹರಡಿ ಓದಿದರೆ ಉಳಿಯುತ್ತದೆ ಎಂದು ಅವನು ಕಂಡ. ಆಮೇಲೆ ಬಂದ ಎಷ್ಟೋ ಸಂಶೋಧನೆಗಳು ಅದನ್ನು ಎತ್ತಿಹಿಡಿದಿವೆ. ಇದನ್ನು ಯಾವ ಮನೆಯಲ್ಲಾದರೂ ಮಾಡಬಹುದು, ಶಾಲೆಗೆ ಹೋಗುವ ಮಕ್ಕಳಿಗೂ.

ಆಮೇಲೆ ಉಕ್ತಲೇಖನ. ನಾನು ಮೆಲುದನಿಯಲ್ಲಿ ಹೇಳುತ್ತೇನೆ, ಮಗ ಬರೆಯುತ್ತಾನೆ. ಅಲ್ಪಪ್ರಾಣ, ಮಹಾಪ್ರಾಣ ಅವನಿಗೆ ಇನ್ನೂ ತೊಡಕು. ಮೆಲುದನಿಯಲ್ಲಿ ಹೇಳಿದರೆ ಇನ್ನೂ ಕಷ್ಟ. ಅದಕ್ಕೆ ಬಾಯಿಯ ಮುಂದೆ ತೆಳ್ಳನೆಯ ಕಾಗದದ ಚೂರು ಹಿಡಿದುಕೊಳ್ಳುತ್ತೇನೆ. "ಪ" ಎಂದರೆ ಕಾಗದ ಅಲುಗುವುದೇ ಕಮ್ಮಿ, "ಫ" ಎಂದು ಸರಿಯಾಗಿ ಉಚ್ಚರಿಸಿದರೆ ಹಾರುತ್ತದೆ. ಮೂರು ನಾಲ್ಕು ಸಾಲು ಬರೆದರೆ ಸಾಕು, ಹೆಚ್ಚು ಬರೆಸುವುದಿಲ್ಲ. ಮಗಳು ಆ ಹೊತ್ತಿಗೆ ತನ್ನ ಪಾಡಿಗೆ ಭಿನ್ನರಾಶಿಯನ್ನೋ ಬೀಜಗಣಿತವನ್ನೋ ಮಾಡುತ್ತಿರುತ್ತಾಳೆ. ಎಲ್ಲಿ ನಿಂತಳೋ ಅಲ್ಲಿ ಅಡ್ಡಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗಬೇಕು ಎಂಬುದು ನಿಯಮ. ತಮ್ಮನ ಪಾಠ ಮುಗಿದ ಮೇಲೆ ಆ ಅಡ್ಡಗೆರೆಗಳನ್ನಷ್ಟೇ ನಾನು ನೋಡುತ್ತೇನೆ. ಹನ್ನೊಂದಕ್ಕೆ ಇಬ್ಬರೂ ಹೊರಗೆ ಓಡುತ್ತಾರೆ. ವಾಪಸು ಬಂದು ಹನ್ನೆರಡೂವರೆವರೆಗೆ ಓದು. ಅಲ್ಲಿಗೆ ಪುಸ್ತಕದ ಕೆಲಸ ಮುಗಿಯಿತು.

ಎರಡೂವರೆ, ಮೂರು ಗಂಟೆ ಸಾಕೇ? ಇದನ್ನು ಕೇಳದವರಿಲ್ಲ. ಸಾಕು ಎಂದು ನಾನು ಹೇಳುವುದು ತಾಯಿ ಶಿಕ್ಷಕಿಗಿಂತ ದೊಡ್ಡವಳು ಎಂಬ ಅರ್ಥದಲ್ಲಲ್ಲ. ನಲವತ್ತು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಕಲಿಸುವ ಕೆಲಸ ನನ್ನಿಂದಾಗದು. ವ್ಯತ್ಯಾಸ ಇರುವುದು ಸಂಖ್ಯೆಯಲ್ಲಿ. ಹಾಜರಿ, ಸಾಲು, ಇನ್ನೊಬ್ಬರ ಸರದಿ ಮುಗಿಯಲಿ ಎಂದು ಕಾಯುವುದು ನಮ್ಮ ಮನೆಯಲ್ಲಿಲ್ಲ. ಅರ್ಥವಾಗಲಿಲ್ಲ ಎಂದರೆ ಆ ಕ್ಷಣಕ್ಕೇ ಗೊತ್ತಾಗುತ್ತದೆ, ಅರ್ಥವಾಯಿತು ಎಂದರೆ ಅಲ್ಲಿಗೇ ನಿಲ್ಲಿಸಬಹುದು. ಒಬ್ಬೊಬ್ಬರಿಗೇ ಕಲಿಸಿದ ಸರಾಸರಿ ವಿದ್ಯಾರ್ಥಿ ಮಾಮೂಲಿ ತರಗತಿಯ ನೂರಕ್ಕೆ 98 ಮಕ್ಕಳಿಗಿಂತ ಮುಂದಿರುತ್ತಾನೆ ಎಂದು ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದಿದ್ದರು. ನಂತರದ ಅಧ್ಯಯನಗಳಲ್ಲಿ ಲಾಭ ಅಷ್ಟು ದೊಡ್ಡದಾಗಿ ಕಂಡಿಲ್ಲ, ಆದರೆ ಲಾಭ ಇದೆ ಎಂಬುದನ್ನು ಅವೂ ಒಪ್ಪುತ್ತವೆ. ಶಾಲೆಯ ಆರು ಗಂಟೆಯನ್ನು ಹಾಗೇ ಎತ್ತಿ ಮನೆಗೆ ತಂದು, ಗಂಟೆ ಹೊಡೆದು, ಅವಧಿ ಬದಲಿಸಿ, ಸಂಜೆವರೆಗೆ ಕೂರಿಸುವ ಪೋಷಕರನ್ನು ನಾನು ಕಂಡಿದ್ದೇನೆ. ಆ ಮಕ್ಕಳಿಗೆ ಶಾಲೆಯ ಗೆಳೆಯರೂ ಇಲ್ಲ, ಮನೆಯ ಬಿಡುವೂ ಇಲ್ಲ. ಹಾಗೆ ಮಾಡುವುದಾದರೆ ಶಾಲೆಗೆ ಕಳಿಸುವುದೇ ಮೇಲು.

ಇನ್ನೂ ಕೆಲವರು ಇದನ್ನು 2020ರ ಲಾಕ್‌ಡೌನ್ ಕಾಲದ ಆನ್‌ಲೈನ್ ತರಗತಿ ಎಂದುಕೊಂಡಿದ್ದಾರೆ. ಆಗ ಜಗತ್ತಿನಲ್ಲಿ ನೂರೈವತ್ತು ಕೋಟಿಗೂ ಹೆಚ್ಚು ಮಕ್ಕಳ, ವಿದ್ಯಾರ್ಥಿಗಳ ಓದಿಗೆ ಅಡ್ಡಿಯಾಗಿತ್ತು ಎಂದು ಯುನೆಸ್ಕೊ ಲೆಕ್ಕ ಹಾಕಿತ್ತು. ಅದು ಆಪತ್ತು. ಮಕ್ಕಳು ಫೋನಿನ ಪುಟ್ಟ ಪರದೆಯಲ್ಲಿ ಶಾಲೆಯನ್ನು ಹಿಂಬಾಲಿಸುತ್ತಿದ್ದರು, ಎಷ್ಟೋ ಮಕ್ಕಳಿಗೆ ಫೋನೂ ಇರಲಿಲ್ಲ. ನಮ್ಮ ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರು, ಅದರಲ್ಲಿ ನನ್ನ ಲೆಕ್ಕಪತ್ರದ ಕೆಲಸ ನಡೆಯಬೇಕು. ಮಕ್ಕಳ ಓದು ಕಾಗದದ ಮೇಲೆ.

ಮಧ್ಯಾಹ್ನದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಊಟ, ಇಷ್ಟದ ಪುಸ್ತಕ, ಅಂಟು ಕತ್ತರಿಯ ಕೆಲಸ. ನಾನು ನನ್ನ ಕೆಲಸಕ್ಕೆ ಕೂರುತ್ತೇನೆ. ಬೇಜಾರು ಎಂದು ಮಗ ಬಂದು ಕೈ ಜಗ್ಗಿದರೂ ಆಗ ನಾನು ಏಳುವುದಿಲ್ಲ. ಬೇಜಾರು ಕಳೆಯುವ ದಾರಿಯನ್ನು ಅವನೇ ಹುಡುಕಿಕೊಳ್ಳಬೇಕು. ಹಾಗೊಂದು ಮಧ್ಯಾಹ್ನ ಬಾಗಿಲ ಚಿಲಕಕ್ಕೆ ದಾರ ಕಟ್ಟಿ ತುದಿಗೆ ಬೀಗ ತೂಗುಹಾಕಿ ಆಡಿಸುತ್ತಿದ್ದ. ಭಾರ ಹೆಚ್ಚು ಮಾಡಿದರೆ ಬೇಗ ಬೇಗ ತೂಗುತ್ತದೆ ಎಂದು ಅವನ ಲೆಕ್ಕ. ಎರಡು ಬೀಗ ಕಟ್ಟಿದರೂ ಅಷ್ಟೇ ಹೊತ್ತು. ದಾರ ಗಿಡ್ಡ ಮಾಡಿದಾಗಲೇ ವೇಗ ಬದಲಾಯಿತು. ಎದ್ದ ಮೇಲೆ ಅಪ್ಪ ಅಳತೆ ಟೇಪು ತಂದರು. ಒಂದು ಮೀಟರ್ ದಾರಕ್ಕೆ ಹೋಗಿ ಬರಲು ಸುಮಾರು ಎರಡು ಸೆಕೆಂಡು, ಒಂದು ಸೆಕೆಂಡಿಗೆ ಇಳಿಸಬೇಕಾದರೆ ದಾರವನ್ನು ಅರ್ಧ ಮಾಡಿದರೆ ಸಾಲದು, ಕಾಲು ಭಾಗ ಮಾಡಬೇಕು. ಯಾಕೆ ಎಂಬುದು ಎಂಟು ವರ್ಷಕ್ಕೆ ಬೇಡ. ಹೀಗಿದೆ ಎಂದು ಕೈಯಾರೆ ಕಂಡದ್ದು ಅವನ ಬಳಿ ಇರುತ್ತದೆ.

ಮೂರೂವರೆ ಆದರೆ ಮನೆಗೆ ದನಿ ಬರುತ್ತದೆ. ಜೋರಾಗಿ ಓದುವುದು, ಹಾಡು, ವಾದ, ಇಬ್ಬರೂ ಕೂಡಿ ಕೇಳುವ ಇತಿಹಾಸ, ವಿಜ್ಞಾನ ಎಲ್ಲ ಆಗ. ಗಣಿತ, ಬರವಣಿಗೆ ಅವರವರ ಮಟ್ಟಕ್ಕೆ ಬೇರೆ ಬೇರೆ, ಉಳಿದದ್ದು ಒಟ್ಟಿಗೆ. ನಾಲ್ಕು ವರ್ಷದ ಅಂತರ ಇದ್ದರೂ ಕಥೆ ಕೇಳಲು, ಭೂಪಟ ನೋಡಲು ಅಡ್ಡಿಯಿಲ್ಲ. ಐದಕ್ಕೆ ಇಬ್ಬರೂ ಆಟಕ್ಕೆ. ಶಾಲೆಯಿಂದ ಬಂದ ಬೀದಿಯ ಮಕ್ಕಳು ಆಗಲೇ ಸಿಗುವುದು.

ಸಂಪಾದಕರೇ, ಇಲ್ಲಿ ನಿಮ್ಮ ಪತ್ರಿಕೆಯ ಮಾತು ಬರುತ್ತದೆ. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಸೂರ್ಯೋದಯ, ಸೂರ್ಯಾಸ್ತದ ವೇಳೆಯನ್ನು ಗುರುತು ಮಾಡಿಕೊಳ್ಳುವುದು ಮಗಳ ಕೆಲಸ. ಚೌಕಟ್ಟಿನ ಹಾಳೆಯ ಮೇಲೆ ಎರಡು ಗೆರೆ ಎಳೆಯುತ್ತಾ ಬಂದಳು, ಒಂದು ಉದಯದ್ದು, ಒಂದು ಅಸ್ತದ್ದು. ಉತ್ತರಾರ್ಧಗೋಳದಲ್ಲಿ ಡಿಸೆಂಬರ್ 21 ಅಥವಾ 22ರಂದು ಹಗಲು ಅತಿ ಚಿಕ್ಕದು ಎಂದು ಅವಳು ಓದಿದ್ದಳು. ಹಾಗಿದ್ದರೆ ಸೂರ್ಯ ಅತಿ ಬೇಗ ಮುಳುಗುವುದೂ ಅಂದೇ ಇರಬೇಕಲ್ಲ? ಅವಳ ಗೆರೆ ಹಾಗೆ ಹೇಳಲಿಲ್ಲ. ಆ ದಿನ ಬರುವ ಮುಂಚೆಯೇ ಸೂರ್ಯಾಸ್ತ ತಡವಾಗತೊಡಗಿತ್ತು. ಪತ್ರಿಕೆಯಲ್ಲಿ ತಪ್ಪು ಅಚ್ಚಾಗಿದೆ, ಸಂಪಾದಕರಿಗೆ ಬರೆಯಬೇಕು ಎಂದು ಹಟ ಹಿಡಿದಳು. ಹೊಸ ವರ್ಷದ ಮೊದಲ ದಿನಗಳು ಬಂದರೂ ಸೂರ್ಯೋದಯ ಇನ್ನೂ ತಡವಾಗುತ್ತಲೇ ಇತ್ತು. ಆಗ ಅಪ್ಪ ಮಗಳು ಇಬ್ಬರೂ ಹುಡುಕಲು ಕೂತರು.

ಅಚ್ಚು ಸರಿಯಾಗಿಯೇ ಇತ್ತು. ಗಡಿಯಾರದ ದಿನ ಯಾವಾಗಲೂ 24 ಗಂಟೆ. ಆದರೆ ಸೂರ್ಯ ಒಂದು ನಡುಹಗಲಿನಿಂದ ಮರುದಿನದ ನಡುಹಗಲಿಗೆ ಬರಲು ತೆಗೆದುಕೊಳ್ಳುವ ಹೊತ್ತು ವರ್ಷವಿಡೀ ಒಂದೇ ಇರುವುದಿಲ್ಲ. ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದು ಒಂದು ಕಾರಣ. ಅದರ ಕಕ್ಷೆ ಪೂರ್ತಿ ದುಂಡಗಿಲ್ಲದೆ, ಜನವರಿಯ ಆರಂಭದಲ್ಲಿ ಸೂರ್ಯನಿಗೆ ಅತಿ ಹತ್ತಿರವಾಗಿ ವೇಗವಾಗಿ ಸಾಗುವುದು ಇನ್ನೊಂದು. ಎರಡೂ ಸೇರಿ ಡಿಸೆಂಬರ್ ಕೊನೆಯಲ್ಲಿ ಆ ಅಂತರ 24 ಗಂಟೆಗಿಂತ ಸುಮಾರು 30 ಸೆಕೆಂಡು ಹೆಚ್ಚಾಗುತ್ತದೆ. ಅದಕ್ಕೇ ಆಗ ಉದಯವೂ ಅಸ್ತವೂ ದಿನದಿನಕ್ಕೆ ಗಡಿಯಾರದಲ್ಲಿ ಮುಂದಕ್ಕೆ ಜಾರುತ್ತವೆ. ಇದನ್ನು ಯಾವ ಪಠ್ಯಕ್ರಮವೂ ಹನ್ನೆರಡು ವರ್ಷದವಳಿಗೆ ಇಟ್ಟಿರಲಾರದು. ನಾನಂತೂ ಅವಳಿಂದಲೇ ಕಲಿತೆ. ಪ್ರಶ್ನೆ ಎದ್ದ ಮೇಲೆ ಅದರ ಹಿಂದೆ ಹೋಗಲು ಹೊತ್ತು ಇರುವುದು, ಬೇಕಾದಷ್ಟು ದಿನ ಹೊತ್ತು ಇರುವುದು, ಇದೇ ಈ ದಾರಿಯಲ್ಲಿ ನಾನು ಕಂಡ ಅತಿ ದೊಡ್ಡ ಸುಖ.

ಕಷ್ಟವನ್ನೂ ಹೇಳಬೇಕು. ಮನೆಯ ದೊಡ್ಡವರೊಬ್ಬರ ಇಡೀ ಬೆಳಗು ಇದಕ್ಕೆ ಮೀಸಲು. ನನ್ನ ಕೆಲಸದ ಅರ್ಧ ಭಾಗ ಮಕ್ಕಳು ಮಲಗಿದ ಮೇಲೆ ನಡೆಯುತ್ತದೆ. ಇಬ್ಬರೂ ಹೊರಗೆ ದುಡಿಯಲೇಬೇಕಾದ ಮನೆಗೆ, ಒಬ್ಬರೇ ಮಕ್ಕಳನ್ನು ಸಾಕುತ್ತಿರುವವರಿಗೆ ಇದನ್ನು ಮಾಡಿ ಎಂದು ನಾನು ಹೇಳಲಾರೆ. ಮಗಳಿಗೆ ತನ್ನ ವಯಸ್ಸಿನ ಗೆಳತಿಯರು ಹಗಲಲ್ಲಿ ಸಿಗುವುದಿಲ್ಲ. ಶನಿವಾರ ನಮ್ಮಂಥ ಕೆಲವು ಮನೆಯ ಮಕ್ಕಳು ಒಂದೆಡೆ ಸೇರಿ ನಾಟಕ, ಚರ್ಚೆ ಮಾಡುತ್ತಾರೆ, ಆದರೂ ದಿನವೂ ಪಕ್ಕದಲ್ಲಿ ಕೂತು ಗುಸುಗುಸು ಮಾಡುವ ಗೆಳತಿ ಅಂತ ಒಬ್ಬಳು ಇರುವುದೇ ಬೇರೆ. ಪ್ರೌಢಶಾಲೆಗೆ ಹೋಗುತ್ತೇನೆ ಎಂದು ಅವಳು ಈಗಾಗಲೇ ಹೇಳಿದ್ದಾಳೆ. ಕಳಿಸುತ್ತೇವೆ. ಮಗುವಿಗೆ ಬೇಕಾದಾಗ ಬಾಗಿಲು ತೆರೆಯದಿದ್ದರೆ ಮನೆಯ ಓದು ಯಾವ ಪುರುಷಾರ್ಥಕ್ಕೆ?

ನನ್ನ ಜೊತೆಯ ಪೋಷಕರಲ್ಲಿ ಕೆಲವರಿಗೆ ಸಿಟ್ಟು ಬರಬಹುದಾದ ಒಂದು ಮಾತು. ನಮ್ಮ ಮನೆಯ ಓದನ್ನು ಹೊರಗಿನವರು ಬಂದು ನೋಡಲಿ ಎಂಬುದು ನನ್ನ ನಿಲುವು. ಈ ವಿಷಯದಲ್ಲಿ ಒಂದೊಂದು ದೇಶದ್ದು ಒಂದೊಂದು ರೀತಿ. ಜರ್ಮನಿಯಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕು. ಫ್ರಾನ್ಸಿನಲ್ಲಿ ಮನೆಯಲ್ಲಿ ಓದಿಸಲು 2022ರಿಂದ ಮೊದಲೇ ಅನುಮತಿ ಪಡೆಯಬೇಕು. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆ ಶಾಲೆಯಲ್ಲಾದರೂ ಸರಿ, ಬೇರೆ ರೀತಿಯಲ್ಲಾದರೂ ಸರಿ ಎನ್ನುತ್ತದೆ. ಮಕ್ಕಳಿಗೆ ಎಂಥ ಶಿಕ್ಷಣ ಬೇಕು ಎಂದು ಆರಿಸುವ ಹಕ್ಕು ಮೊದಲು ತಂದೆ ತಾಯಿಯದು ಎಂದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 26ನೇ ವಿಧಿ ಹೇಳುತ್ತದೆ, ಅದೇ ವಿಧಿ ಶಿಕ್ಷಣ ಪ್ರತಿಯೊಬ್ಬರ ಹಕ್ಕು ಎಂದೂ ಹೇಳುತ್ತದೆ. ನಮ್ಮವರು ಮೊದಲನೆಯದನ್ನು ಬಹಳ ಎತ್ತಿ ಆಡುತ್ತಾರೆ, ಎರಡನೆಯದನ್ನು ಆಡುವುದು ಕಡಿಮೆ. ಮನೆಯಲ್ಲಿ ಓದಿಸುತ್ತೇವೆ ಎಂದು ಹೇಳಿ ಮಗುವನ್ನು ದುಡಿಸುವವರು, ಹೆಣ್ಣುಮಗುವನ್ನು ಮನೆಗೆಲಸಕ್ಕೆ ಕಟ್ಟಿಹಾಕುವವರು ಇರಬಹುದಲ್ಲ? ಆ ಮಗುವನ್ನು ಕಾಣುವವರು ಯಾರು? ವರ್ಷಕ್ಕೊಮ್ಮೆ ಯಾರಾದರೂ ಬಂದು ನಮ್ಮ ಮಕ್ಕಳೊಡನೆ ಅರ್ಧ ದಿನ ಕೂತು ಮಾತಾಡಿದರೆ ನಮ್ಮ ಸ್ವಾತಂತ್ರ್ಯಕ್ಕೆ ಕುಂದಿಲ್ಲ. ಅದಕ್ಕಾಗಿಯೇ ನಾನು ದಿನವೂ ರಾತ್ರಿ ಒಂದು ಪುಸ್ತಕದಲ್ಲಿ ಅಂದು ಆದದ್ದನ್ನು ನಾಲ್ಕು ಸಾಲು ಬರೆದಿಡುತ್ತೇನೆ. ನಾಳೆ ಏನು ಮಾಡುತ್ತೇವೆ ಎಂದಲ್ಲ, ಇಂದು ನಿಜವಾಗಿ ಏನಾಯಿತು ಎಂದು. ಜ್ವರ ಬಂದು ಏನೂ ಓದದ ದಿನ ಹಾಗೇ ಬರೆಯುತ್ತೇನೆ.

ಹಾಗೆಯೇ ನಮಗೆ ಬೇಕಾದದ್ದು ಕೆಲವಿದೆ. ಸೂಕ್ಷ್ಮದರ್ಶಕ, ರಸಾಯನಶಾಸ್ತ್ರದ ಪ್ರಯೋಗ ಇವನ್ನು ಮನೆಯಲ್ಲಿ ಮಾಡಿಸಲು ಆಗುವುದಿಲ್ಲ. ಶಾಲಾ ಪ್ರಯೋಗಾಲಯಗಳು ವಾರಕ್ಕೊಂದು ಮಧ್ಯಾಹ್ನ ಹೊರಗಿನ ಮಕ್ಕಳಿಗೂ ತೆರೆದರೆ ದೊಡ್ಡ ಉಪಕಾರ. ಗ್ರಂಥಾಲಯದ ಮಕ್ಕಳ ವಿಭಾಗ ಹಗಲಲ್ಲೂ ತೆರೆದಿರಲಿ, ಶಾಲೆಯ ಸಮಯದಲ್ಲಿ ಮಗುವೊಂದು ಅಲ್ಲಿ ಕಂಡರೆ ತಪ್ಪಿಸಿಕೊಂಡು ಬಂದಿದೆ ಎಂದು ಗದರಿಸಿ ಕಳಿಸದಿರಲಿ. ನನ್ನ ಮಗನಿಗೆ ಹಾಗಾಗಿದೆ, ಆಮೇಲೆ ಅಲ್ಲಿಗೆ ಹೋಗಲು ಅವನು ಬಹಳ ದಿನ ಒಪ್ಪಲಿಲ್ಲ. ಈ ಎರಡು ವಿಷಯದ ಬಗ್ಗೆ ಗ್ರಂಥಪಾಲಕರು, ಶಿಕ್ಷಕರು ಏನು ಹೇಳುತ್ತಾರೆ ಎಂದು ನಿಮ್ಮ ಪತ್ರಿಕೆ ವಿಚಾರಿಸಿ ಬರೆದರೆ ನಮ್ಮಂಥ ಹಲವು ಮನೆಗಳಿಗೆ ಉಪಯೋಗವಾಗುತ್ತದೆ. ಮೊದಲು ಪತ್ರ ಬರೆದ ಓದುಗರಿಗೆ ಇನ್ನೂ ಸಂಶಯ ಇದ್ದರೆ ಅವರೂ ಮತ್ತೆ ಬರೆಯಲಿ, ಖಂಡಿತ ಉತ್ತರಿಸುತ್ತೇನೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಇಬ್ಬರು ಮಕ್ಕಳ ತಾಯಿ